ಸ್ಪರ್ಶ ಮತ್ತು ನೋವು ಒಂದೇ ನರದಲ್ಲಿ ಮಿದುಳಿಗೆ ಹೋಗುತ್ತವೆಯೇ?

ಕುತೂಹಲಿ

ನಡೆಯುವಾಗ ಕಾಲಿನ ಹೆಬ್ಬೆರಳು ಕಲ್ಲಿಗೆ ಎಡವಿದರೆ ಮೂರು ಸಂಗತಿಗಳು ಒಂದರ ಹಿಂದೆ ಒಂದು ನಮ್ಮ ಅರಿವಿಗೆ ಬರುತ್ತವೆ. ಮೊದಲು ಏನೋ ತಗುಲಿತೆಂದು ತಿಳಿಯುತ್ತದೆ, ಅದರ ಬೆನ್ನಲ್ಲೇ ಚುಳ್ಳೆನ್ನುವ ನೋವು ಬರುತ್ತದೆ, ಇನ್ನೂ ಸ್ವಲ್ಪ ತಡೆದು ಬೆರಳಿನ ಸುತ್ತ ಹರಡಿಕೊಂಡು ಬಹಳ ಹೊತ್ತು ಉಳಿಯುವ ಉರಿನೋವು ಶುರುವಾಗುತ್ತದೆ. ಪೆಟ್ಟು ಬಿದ್ದದ್ದು ಒಂದೇ ಸಲ, ಒಂದೇ ಜಾಗಕ್ಕೆ. ಹಾಗಿದ್ದ ಮೇಲೆ ಮಿದುಳಿಗೆ ಸುದ್ದಿ ಮೂರು ಕಂತುಗಳಲ್ಲಿ ಬರುವುದೇಕೆ?

ಶಾಲಾ ಪುಸ್ತಕಗಳ ಚಿತ್ರಗಳಲ್ಲಿ ಚರ್ಮದಿಂದ ಮಿದುಳಿನವರೆಗೆ ಒಂದೇ ಗೆರೆ ಎಳೆದು ಅದನ್ನು ಸಂವೇದನಾ ನರ ಎಂದು ಗುರುತಿಸಿರುತ್ತಾರೆ. ಸ್ಪರ್ಶ ಮತ್ತು ನೋವು ಎರಡೂ ಆ ಒಂದೇ ಗೆರೆಯಲ್ಲಿ ಹೋಗುತ್ತವೆಯೇ? ಹೋಗದಿದ್ದರೆ ಅವು ಎಲ್ಲಿ ಬೇರೆಯಾಗುತ್ತವೆ? ಪೆಟ್ಟಾದ ಜಾಗವನ್ನು ಕೈಯಿಂದ ಉಜ್ಜಿಕೊಂಡರೆ ನೋವು ಕಡಿಮೆಯಾದಂತೆ ಅನಿಸುವುದು ಬರಿಯ ಸಮಾಧಾನವೋ ಅಥವಾ ಅದಕ್ಕೂ ನರಗಳಲ್ಲಿ ಆಧಾರವಿದೆಯೋ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಉತ್ತರ ಉದ್ದವಾದರೂ ಚಿಂತೆಯಿಲ್ಲ.

ನರತಂತು

ಕುತೂಹಲಿ ಅವರೇ, ಬರಿಗಣ್ಣಿಗೆ ಕಾಣುವ ನರ ಎಂಬುದು ಸಾವಿರಾರು ನರತಂತುಗಳ ಒಂದು ಕಟ್ಟು. ಹೆಬ್ಬೆರಳಿನಿಂದ ಹೊರಟ ಸ್ಪರ್ಶದ ತಂತುಗಳೂ ನೋವಿನ ತಂತುಗಳೂ ಬೆನ್ನುಹುರಿಯವರೆಗೆ ಅದೇ ಕಟ್ಟಿನೊಳಗೆ ಅಕ್ಕಪಕ್ಕದಲ್ಲೇ ಸಾಗುತ್ತವೆ. ಆ ಅರ್ಥದಲ್ಲಿ ನರ ಒಂದೇ. ಆದರೆ ಕಟ್ಟಿನೊಳಗಿನ ತಂತುಗಳು ಬೇರೆ ಬೇರೆ. ಅವುಗಳ ತುದಿಯ ರಚನೆ, ದಪ್ಪ, ವೇಗ ಯಾವುದೂ ಒಂದೇ ತೆರನಾಗಿಲ್ಲ.

ಮೊದಲು ತುದಿಗಳನ್ನು ನೋಡೋಣ. ಬೆರಳ ತುದಿಯಂಥ ರೋಮವಿಲ್ಲದ ಚರ್ಮದಲ್ಲಿ ಸ್ಪರ್ಶಕ್ಕೆ ಮೀಸಲಾದ ನಾಲ್ಕು ಬಗೆಯ ಗ್ರಾಹಕಗಳಿವೆ. ಮರ್ಕೆಲ್ ಗ್ರಾಹಕಗಳು ವಸ್ತುವಿನ ಅಂಚನ್ನೂ ಒಂದೇ ಸಮನಾದ ಒತ್ತಡವನ್ನೂ ವರದಿ ಮಾಡುತ್ತವೆ. ಮೈಸ್ನರ್ ಕಣಗಳು ಹಗುರವಾದ ಜಾರುವಿಕೆಗೆ ಮತ್ತು ನಿಧಾನದ ಕಂಪನಕ್ಕೆ ಸ್ಪಂದಿಸುತ್ತವೆ. ಆಳದಲ್ಲಿರುವ ಪಸೀನಿಯನ್ ಕಣಗಳಿಗೆ ಸೆಕೆಂಡಿಗೆ 200ರಿಂದ 300 ಬಾರಿಯ ವೇಗದ ಕಂಪನ ಚೆನ್ನಾಗಿ ತಿಳಿಯುತ್ತದೆ. ರುಫಿನಿ ತುದಿಗಳು ಚರ್ಮದ ಹಿಗ್ಗುವಿಕೆಯನ್ನು ಗ್ರಹಿಸುತ್ತವೆಂದು ಹೇಳಲಾಗುತ್ತದೆ. ನೋವಿನ ತಂತುಗಳಿಗೆ ಇಂಥ ಅಚ್ಚುಕಟ್ಟಾದ ಹೊದಿಕೆ ಯಾವುದೂ ಇಲ್ಲ. ಅವು ಚರ್ಮದಲ್ಲಿ ಕವಲೊಡೆದು ಬರಿಯ ತುದಿಗಳಾಗಿ ಕೊನೆಗೊಳ್ಳುತ್ತವೆ.

ಒತ್ತಡವಾಗಲಿ ಬಿಸಿಯಾಗಲಿ ವಿದ್ಯುತ್ ಸಂಕೇತವಾಗುವುದು ಈ ತುದಿಗಳ ಪೊರೆಯಲ್ಲಿರುವ ಅಯಾನು ದ್ವಾರಗಳಿಂದ. ಮೃದು ಸ್ಪರ್ಶಕ್ಕೆ ಬೇಕಾದ ದ್ವಾರದ ಹೆಸರು ಪಿಯೆಝೋ-2. ಪೊರೆ ಎಳೆದುಕೊಂಡಾಗ ಅದು ತೆರೆದುಕೊಂಡು ಧನ ಅಯಾನುಗಳನ್ನು ಒಳಗೆ ಬಿಡುತ್ತದೆ. ಪಿಯೆಝೋ ಪ್ರೋಟೀನುಗಳನ್ನು ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು, 1997ರಲ್ಲಿ, ಡೇವಿಡ್ ಜೂಲಿಯಸ್ ಅವರ ತಂಡ ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ಯಾವ ದ್ವಾರವನ್ನು ತೆರೆಯುತ್ತದೆ ಎಂದು ಹುಡುಕುತ್ತಾ ಟಿಆರ್‌ಪಿವಿ-1 ಎಂಬುದನ್ನು ಕಂಡುಕೊಂಡಿತ್ತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ಅದೇ ದ್ವಾರ ತೆರೆದುಕೊಳ್ಳುವುದರಿಂದ, ಖಾರ ತಗುಲಿದ ಚರ್ಮ ಸುಟ್ಟಂತೆ ಉರಿಯುವುದು ಭ್ರಮೆಯೇನಲ್ಲ. ಮಿದುಳಿಗೆ ಹೋಗುವ ಸಂಕೇತ ನಿಜಕ್ಕೂ ಸುಟ್ಟದ್ದರ ಸಂಕೇತವೇ. ಇಬ್ಬರೂ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಇನ್ನು ವೇಗದ ವಿಚಾರ, ಅಂದರೆ ನಿಮ್ಮ ಮೂರು ಕಂತುಗಳ ವಿಚಾರ. ಸ್ಪರ್ಶದ ಸಂಕೇತ ಸಾಗುವುದು ಎ-ಬೀಟಾ ಎಂಬ ದಪ್ಪ ತಂತುಗಳಲ್ಲಿ. ಅವುಗಳ ಸುತ್ತ ಮಯಲಿನ್ ಪೊರೆ ದಟ್ಟವಾಗಿ ಸುತ್ತಿಕೊಂಡಿರುವುದರಿಂದ ಸಂಕೇತ ಪೊರೆಯ ನಡುವಣ ಗಂಟಿನಿಂದ ಗಂಟಿಗೆ ನೆಗೆಯುತ್ತಾ ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಚುಳ್ಳೆನ್ನುವ ನೋವನ್ನು ಒಯ್ಯುವ ಎ-ಡೆಲ್ಟಾ ತಂತುಗಳ ಮಯಲಿನ್ ತೆಳುವಾದದ್ದು, ವೇಗ 5ರಿಂದ 30 ಮೀಟರ್. ಉರಿನೋವಿನ ಸಿ ತಂತುಗಳಿಗೆ ಮಯಲಿನ್ ಇಲ್ಲವೇ ಇಲ್ಲ. ಅವುಗಳ ವೇಗ ಅರ್ಧದಿಂದ ಎರಡು ಮೀಟರ್ ಮಾತ್ರ. ಹೆಬ್ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರ್ ದೂರವೆಂದು ಇಟ್ಟುಕೊಂಡರೆ, 50 ಮೀಟರ್ ವೇಗದ ಸ್ಪರ್ಶ 20 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ, 15 ಮೀಟರ್ ವೇಗದ ಮೊದಲ ನೋವಿಗೆ ಸುಮಾರು 67 ಮಿಲಿಸೆಕೆಂಡು ಬೇಕು, ಒಂದು ಮೀಟರ್ ವೇಗದ ಉರಿನೋವು ಬರುವಷ್ಟರಲ್ಲಿ ಇಡೀ ಒಂದು ಸೆಕೆಂಡು ಕಳೆದಿರುತ್ತದೆ. ಮುಖಕ್ಕೆ ಪೆಟ್ಟಾದಾಗ ಈ ಅಂತರ ಇಷ್ಟು ಸ್ಪಷ್ಟವಾಗಿ ಗೊತ್ತಾಗದಿರಲು ಕಾರಣ ದೂರ ಕಡಿಮೆ ಇರುವುದೇ. ತಂತುಗಳನ್ನು ಹೀಗೆ ವೇಗಕ್ಕೆ ತಕ್ಕಂತೆ ವಿಂಗಡಿಸಿದ ಜೋಸೆಫ್ ಅರ್ಲಾಂಗರ್ ಮತ್ತು ಹರ್ಬರ್ಟ್ ಗ್ಯಾಸರ್ ಅವರಿಗೆ 1944ರ ನೊಬೆಲ್ ಸಂದಿತು.

ಇನ್ನೊಂದು ಮಾತು. ಒಂದು ತಂತುವಿನಲ್ಲಿ ಸಾಗುವ ಮಿಡಿತಗಳೆಲ್ಲ ಒಂದೇ ಎತ್ತರದವು. ಒತ್ತಡ ಹೆಚ್ಚಾದರೆ ಮಿಡಿತ ದೊಡ್ಡದಾಗುವುದಿಲ್ಲ, ಸೆಕೆಂಡಿಗೆ ಹೊರಡುವ ಮಿಡಿತಗಳ ಸಂಖ್ಯೆ ಹೆಚ್ಚಾಗುತ್ತದೆ. ಇದನ್ನು ಎಡ್ಗರ್ ಏಡ್ರಿಯನ್ 1920ರ ದಶಕದಲ್ಲೇ ತೋರಿಸಿಕೊಟ್ಟರು.

ಸಂಶಯವಾದಿ

ನರತಂತು ಅವರ ಕೊನೆಯ ಮಾತನ್ನೇ ಹಿಡಿದು ಕೇಳುತ್ತೇನೆ. ತೀವ್ರತೆಯೆಲ್ಲ ಮಿಡಿತಗಳ ಸಂಖ್ಯೆಯಲ್ಲೇ ಇರುವುದಾದರೆ, ನೋವೆಂಬುದು ಮಿತಿಮೀರಿದ ಸ್ಪರ್ಶ ಎಂದುಕೊಳ್ಳಲು ಅಡ್ಡಿಯೇನು? ಕೈಯನ್ನು ಮೆಲ್ಲಗೆ ಒತ್ತಿದರೆ ಸ್ಪರ್ಶ, ಜೋರಾಗಿ ಒತ್ತಿದರೆ ಒತ್ತಡ, ಇನ್ನೂ ಜೋರಾಗಿ ಒತ್ತಿದರೆ ನೋವು. ಅನುಭವದಲ್ಲಿ ಇದು ಒಂದೇ ಏಣಿಯಂತೆ ಕಾಣುತ್ತದೆಯೇ ಹೊರತು ಎರಡು ಬೇರೆ ವ್ಯವಸ್ಥೆಗಳಂತೆ ಅಲ್ಲ. ತಂತುಗಳ ಹೆಸರು ಮತ್ತು ವೇಗ ಹೇಳಿದ ಮಾತ್ರಕ್ಕೆ ಒಂದು ತಂತು ನೋವಿಗೇ ಮೀಸಲು ಎಂದು ಸಾಬೀತಾಗುವುದಿಲ್ಲ.

ನರತಂತು

ಇದು ಹತ್ತೊಂಬತ್ತನೆಯ ಶತಮಾನದ ದೊಡ್ಡ ವಾದಗಳಲ್ಲಿ ಒಂದಾಗಿತ್ತು, ಆದ್ದರಿಂದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ನೇರವಾಗಿ ಪರೀಕ್ಷಿಸಲು ಈಗ ಸಾಧ್ಯವಿದೆ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಹ್ಯಾಗ್‌ಬಾರ್ತ್ ಮತ್ತು ವಾಲ್ಬೊ ಎಂಬ ಸಂಶೋಧಕರು ಎಚ್ಚರವಾಗಿರುವ ಮನುಷ್ಯರ ನರಕ್ಕೆ ಅತಿ ಸಣ್ಣ ಲೋಹದ ಸೂಜಿಯನ್ನು ಚುಚ್ಚಿ ಒಂದೊಂದೇ ತಂತುವಿನ ಮಿಡಿತವನ್ನು ದಾಖಲಿಸುವ ವಿಧಾನವನ್ನು ರೂಪಿಸಿದರು. ಅದೇ ಸೂಜಿಯ ಮೂಲಕ ತಂತುವನ್ನು ವಿದ್ಯುತ್ತಿನಿಂದ ಕೆರಳಿಸಲೂ ಬಹುದು. ಹಾಗೆ ಒಂದು ಸ್ಪರ್ಶ ತಂತುವನ್ನು ಕೆರಳಿಸಿದಾಗ ವ್ಯಕ್ತಿ ತಟ್ಟಿದಂತಾಯಿತು, ಒತ್ತಿದಂತಾಯಿತು ಅಥವಾ ಕಂಪಿಸಿದಂತಾಯಿತು ಎನ್ನುತ್ತಾನೆ. ಮಿಡಿತಗಳ ವೇಗವನ್ನು ಹೆಚ್ಚಿಸಿದರೆ ಕಂಪನದ ಅನುಭವ ಬದಲಾಗಬಹುದು, ಆದರೆ ಅದು ನೋವಾಗಿ ತಿರುಗುವುದಿಲ್ಲ. ನೋವಿನ ತಂತುವನ್ನು ಕೆರಳಿಸಿದರೆ ಚುಚ್ಚಿದ ಅಥವಾ ಉರಿಯುವ ನೋವೇ ಬರುತ್ತದೆ, ಅದಕ್ಕೆ ಮೊದಲು ಮೃದು ಸ್ಪರ್ಶದ ಹಂತವೇನೂ ಇರುವುದಿಲ್ಲ.

ನೀವು ಹೇಳುವ ಏಣಿ ಕಾಣುವುದು, ಒತ್ತಡ ಹೆಚ್ಚಾದಂತೆ ಮೊದಲು ಕೆಳಮಟ್ಟದಲ್ಲೇ ಎಚ್ಚರಗೊಳ್ಳುವ ತಂತುಗಳು ಮಾತನಾಡಿ, ಬಳಿಕ ಮೇಲ್ಮಟ್ಟದಲ್ಲಿ ಮಾತ್ರ ಎಚ್ಚರಗೊಳ್ಳುವ ಬೇರೆ ತಂತುಗಳು ಬಂದು ಸೇರಿಕೊಳ್ಳುವುದರಿಂದ. ಚಾರ್ಲ್ಸ್ ಶೆರಿಂಗ್‌ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹಾನಿಯನ್ನು ಗ್ರಹಿಸಲೆಂದೇ ಇರುವ ಗ್ರಾಹಕಗಳ ಕುರಿತು ಬರೆದಿದ್ದರು. ಅವನ್ನು ಕಣ್ಣಾರೆ ಗುರುತಿಸುವ ಸಾಧನ ಆಗ ಇರಲಿಲ್ಲ ಅಷ್ಟೆ.

ಅರಿವಳಿಕೆ ತಜ್ಞೆ

ಈ ವಾದ ನಮ್ಮ ಶಸ್ತ್ರಕ್ರಿಯಾ ಕೊಠಡಿಯಲ್ಲಿ ದಿನವೂ ಇತ್ಯರ್ಥವಾಗುತ್ತಿರುತ್ತದೆ. ಹಲ್ಲು ಕೀಳುವ ಮೊದಲು ಲಿಡೊಕೇಯ್ನ್ ಚುಚ್ಚಿಸಿಕೊಂಡವರು ಹಲ್ಲನ್ನು ಹಿಡಿದು ಅಲ್ಲಾಡಿಸುವುದನ್ನೂ ಎಳೆಯುವುದನ್ನೂ ಗ್ರಹಿಸುತ್ತಾರೆ, ಆದರೆ ನೋವನ್ನು ಅನುಭವಿಸುವುದಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡುವಾಗಲೂ ತಾಯಂದಿರಿಗೆ ಹೊಟ್ಟೆಯನ್ನು ಒತ್ತುವುದು ಎಳೆಯುವುದು ತಿಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮದ್ದು ಹಿಡಿಯಲಿಲ್ಲವೇನೋ ಎಂದು ಅವರು ಗಾಬರಿಯಾಗುತ್ತಾರೆ. ಈ ಮದ್ದುಗಳು ನರತಂತುವಿನ ಸೋಡಿಯಂ ದ್ವಾರಗಳನ್ನು ಮುಚ್ಚುತ್ತವೆ, ಮತ್ತು ಸಾಮಾನ್ಯವಾಗಿ ನೋವು ಹಾಗೂ ತಂಪಿನ ಅರಿವು ಮೊದಲು ಹೋಗಿ, ಸ್ಪರ್ಶ ಕೊನೆಗೆ ಹೋಗುತ್ತದೆ. ಆದ್ದರಿಂದಲೇ ಅರಿವಳಿಕೆ ಎಲ್ಲಿಯವರೆಗೆ ಏರಿದೆ ಎಂದು ನೋಡಲು ನಾವು ತಣ್ಣನೆಯದನ್ನು ಚರ್ಮಕ್ಕೆ ತಾಕಿಸುತ್ತೇವೆ. ತಂಪಿನ ಸಂಕೇತ ನೋವಿನ ಜೊತೆಗಾರ.

ಇದರ ತಿರುವುಮುರುವು ಎಲ್ಲರಿಗೂ ಗೊತ್ತಿರುವಂಥದ್ದೇ. ಕಾಲು ಮಡಚಿ ಬಹಳ ಹೊತ್ತು ಕುಳಿತು ಜೋಮು ಹಿಡಿದಾಗ ನೆಲ ಮುಟ್ಟಿದ್ದು ತಿಳಿಯುವುದಿಲ್ಲ, ಪಾದ ಎಲ್ಲಿದೆ ಎಂಬುದೂ ತಿಳಿಯುವುದಿಲ್ಲ, ಆದರೆ ಆಗ ಚಿವುಟಿದರೆ ನೋವು ಬರುತ್ತದೆ. ಒತ್ತಡಕ್ಕೆ ಮತ್ತು ರಕ್ತದ ಕೊರತೆಗೆ ಮೊದಲು ಸೋಲುವುದು ದಪ್ಪ ತಂತುಗಳು, ಕೊನೆಯವರೆಗೆ ಬಾಳುವುದು ಸಿ ತಂತುಗಳು. ಪ್ರಯೋಗದಲ್ಲಿ ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದು ಸಿ ತಂತುಗಳಷ್ಟೇ ಉಳಿಯುವ ಹಂತಕ್ಕೆ ಬಂದು ಸೂಜಿಯಿಂದ ಚುಚ್ಚಿದರೆ, ಮೊದಲ ಚುಳುಕು ಇಲ್ಲದೆ ತಡವಾಗಿ ಬರುವ ಉರಿ ಮಾತ್ರ ಉಳಿದಿರುತ್ತದೆ. ಒಂದು ವಿಧಾನದಲ್ಲಿ ನೋವು ಹೋಗಿ ಸ್ಪರ್ಶ ಉಳಿಯುತ್ತದೆ, ಇನ್ನೊಂದರಲ್ಲಿ ಸ್ಪರ್ಶ ಹೋಗಿ ನೋವು ಉಳಿಯುತ್ತದೆ. ನೋವು ಬರಿಯ ಮಿತಿಮೀರಿದ ಸ್ಪರ್ಶವಾಗಿದ್ದರೆ ಈ ಎರಡನೆಯದು ಸಾಧ್ಯವೇ ಇರಲಿಲ್ಲ.

ಕುತೂಹಲಿ

ಬಹಳ ಚೆನ್ನಾಗಿ ಅರ್ಥವಾಯಿತು, ಮೇಡಂ. ಬೆನ್ನುಹುರಿಯವರೆಗೆ ಅವು ಒಂದೇ ಕಟ್ಟಿನಲ್ಲಿ ಬರುತ್ತವೆ ಎಂದಾಯಿತು. ಅಲ್ಲಿಂದ ಮುಂದೆ ಏನಾಗುತ್ತದೆ? ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನೋಡಿಕೊಳ್ಳುತ್ತದೆ ಎಂದು ಓದಿದ್ದೇನೆ. ಹಾಗಾದರೆ ಎಲ್ಲೋ ಒಂದು ಕಡೆ ದಾರಿ ಅಡ್ಡ ದಾಟಬೇಕಲ್ಲವೇ?

ಹಿಂಬದಿ ಬೆಂಚು

ದಾಟುತ್ತದೆ, ಆದರೆ ಸ್ಪರ್ಶ ಒಂದು ಕಡೆ ದಾಟಿದರೆ ನೋವು ಇನ್ನೊಂದು ಕಡೆ ದಾಟುತ್ತದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಭಾಗ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಚರ್ಮದಿಂದ ಬರುವ ಪ್ರತಿಯೊಂದು ತಂತುವಿನ ಕೋಶಕಾಯ ಬೆನ್ನುಹುರಿಯ ಒಳಗಿರುವುದಿಲ್ಲ. ಹುರಿಯ ಪಕ್ಕದಲ್ಲೇ, ಹಿಂದಿನ ಬೇರಿನ ಮೇಲೆ ಸಣ್ಣ ಗಂಟಿನಂತಿರುವ ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್‌ನಲ್ಲಿ ಇರುತ್ತದೆ. ಅಲ್ಲಿಂದ ಒಂದು ಕವಲು ಚರ್ಮದ ಕಡೆಗೆ, ಇನ್ನೊಂದು ಹುರಿಯೊಳಕ್ಕೆ ಹೋಗುತ್ತದೆ. ಸ್ಪರ್ಶದ ದಪ್ಪ ತಂತು ಹುರಿಯನ್ನು ಹೊಕ್ಕೊಡನೆ, ಸ್ಥಳೀಯವಾಗಿ ಕೆಲವು ಕವಲುಗಳನ್ನು ಬಿಟ್ಟು, ತಾನು ಮಾತ್ರ ಅದೇ ಪಕ್ಕದ ಹಿಂಭಾಗದ ಸ್ತಂಭವನ್ನು ಹಿಡಿದು ಎಲ್ಲೂ ನಿಲ್ಲದೆ ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾವರೆಗೆ ಏರುತ್ತದೆ. ಹೆಬ್ಬೆರಳಿನಿಂದ ಕುತ್ತಿಗೆಯ ಮೇಲಿನವರೆಗೆ ಒಂದೇ ಜೀವಕೋಶ ಎಂಬುದನ್ನು ಗಮನಿಸಿ. ಎತ್ತರದ ವ್ಯಕ್ತಿಯಲ್ಲಿ ಅದರ ಉದ್ದ ಒಂದೂವರೆ ಮೀಟರನ್ನು ಮೀರಬಹುದು. ಮೆಡುಲ್ಲಾದಲ್ಲಿ ಅದು ಎರಡನೆಯ ನರಕೋಶಕ್ಕೆ ಸುದ್ದಿಯನ್ನು ಒಪ್ಪಿಸುತ್ತದೆ, ಆ ಎರಡನೆಯ ಕೋಶದ ತಂತು ಅಲ್ಲೇ ಮಧ್ಯರೇಖೆಯನ್ನು ದಾಟಿ ಎದುರು ಪಕ್ಕದ, ಮಿದುಳಿನ ಆಳದಲ್ಲಿರುವ ಸಂವೇದನೆಗಳ ನಿಲ್ದಾಣವಾದ ಥಲಾಮಸ್‌ಗೆ ಹೋಗುತ್ತದೆ. ಮೂರನೆಯ ಕೋಶ ಥಲಾಮಸ್‌ನಿಂದ ಮಿದುಳಿನ ಹೊರಪದರದ ಸ್ಪರ್ಶ ವಲಯಕ್ಕೆ.

ನೋವಿನ ತಂತು ಹೀಗೆ ಮಾಡುವುದಿಲ್ಲ. ಅದು ಹುರಿಯನ್ನು ಹೊಕ್ಕ ಮಟ್ಟದಲ್ಲೇ, ಅಥವಾ ಒಂದೆರಡು ಮಟ್ಟ ಮೇಲೆ ಕೆಳಗೆ ಸರಿದು, ಹುರಿಯ ಒಳಗಿನ ಬೂದು ಭಾಗದ ಹಿಂಬದಿಯ ಚಾಚಾದ ಹಿಂಕೊಂಬಿನಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿ ಗ್ಲುಟಮೇಟ್ ಮತ್ತು ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕಗಳ ಮೂಲಕ ಎರಡನೆಯ ಕೋಶವನ್ನು ಎಬ್ಬಿಸುತ್ತದೆ. ಆ ಕೋಶದ ತಂತು ಬೆನ್ನುಹುರಿಯ ಒಳಗೇ ಅಡ್ಡ ದಾಟಿ, ಎದುರು ಪಕ್ಕದ ಮುಂಭಾಗ ಮತ್ತು ಪಾರ್ಶ್ವದ ಬಿಳಿ ಭಾಗದಲ್ಲಿ ಥಲಾಮಸ್ ಕಡೆಗೆ ಏರುತ್ತದೆ. ಬಿಸಿ ಮತ್ತು ತಂಪು ಕೂಡ ಇದೇ ದಾರಿ ಹಿಡಿಯುತ್ತವೆ, ಅರಿವಳಿಕೆ ತಜ್ಞೆಯವರು ಹೇಳಿದ ಜೊತೆಗಾರಿಕೆಗೆ ಕಾರಣ ಇದೇ. ಹಿಂಕೊಂಬಿನ ಇದೇ ಸುತ್ತಿನ ಇನ್ನೊಂದು ಕವಲು ನೇರವಾಗಿ ಸ್ನಾಯುವಿನ ನರಕೋಶಗಳ ಕಡೆಗೆ ಹೋಗುವುದರಿಂದ, ನೋವಾಯಿತೆಂದು ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಸರಿದಿರುತ್ತದೆ.

ಈಗ ಒಂದು ಲೆಕ್ಕ ಹಾಕಿ ನೋಡಿ. ಎದೆಯ ಮಟ್ಟದಲ್ಲಿ ಬೆನ್ನುಹುರಿಯ ಎಡ ಅರ್ಧ ಮಾತ್ರ ಕತ್ತರಿಸಿಹೋದರೆ ಏನಾಗಬೇಕು? ಎಡಗಾಲಿನ ಸ್ಪರ್ಶದ ದಾರಿ ಇನ್ನೂ ದಾಟಿಲ್ಲ, ಅದು ಎಡಪಕ್ಕದಲ್ಲೇ ಏರುತ್ತಿದ್ದದ್ದು ತುಂಡಾಗುತ್ತದೆ. ಬಲಗಾಲಿನ ನೋವಿನ ದಾರಿ ಕೆಳಗೇ ದಾಟಿ ಎಡಪಕ್ಕಕ್ಕೆ ಬಂದಾಗಿದೆ, ಅದೂ ತುಂಡಾಗುತ್ತದೆ. ಆದ್ದರಿಂದ ಎಡಗಾಲಿಗೆ ಸೂಕ್ಷ್ಮ ಸ್ಪರ್ಶ, ಕಂಪನ ಮತ್ತು ಕೀಲಿನ ಸ್ಥಾನದ ಅರಿವು ಇರುವುದಿಲ್ಲ, ಚಲನೆಯೂ ಇರುವುದಿಲ್ಲ, ಆದರೆ ಸೂಜಿಯ ನೋವು ತಿಳಿಯುತ್ತದೆ. ಬಲಗಾಲು ಚಲಿಸುತ್ತದೆ, ಸ್ಪರ್ಶ ತಿಳಿಯುತ್ತದೆ, ಆದರೆ ಸೂಜಿ ಚುಚ್ಚಿದರೂ ಬಿಸಿ ತಾಕಿದರೂ ಗೊತ್ತಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇದನ್ನು ವಿವರಿಸಿದ ಬ್ರೌನ್-ಸೆಕಾರ್ ಅವರ ಹೆಸರಿನಲ್ಲೇ ಈ ಲಕ್ಷಣಕೂಟ ಇಂದಿಗೂ ಇದೆ. ನರವೈದ್ಯರು ಎಕ್ಸ್-ರೇ ಎಂಬುದೇ ಇಲ್ಲದ ಕಾಲದಲ್ಲಿ ಒಂದು ಸೂಜಿ, ಒಂದಿಷ್ಟು ಹತ್ತಿ ಮತ್ತು ಕಂಪನಕವೆ ಹಿಡಿದು ಹಾನಿಯ ಮಟ್ಟವನ್ನು ಹೇಳುತ್ತಿದ್ದದ್ದು ಈ ಎರಡು ದಾಟುಗಳ ಬಲದಿಂದಲೇ.

ಕುತ್ತಿಗೆಯ ಭಾಗದಲ್ಲಿ ಹುರಿಯ ನಡುವೆ ದ್ರವ ತುಂಬಿದ ಪೊಳ್ಳು ಬೆಳೆಯುವ ಸಿರಿಂಗೋಮಯೀಲಿಯಾ ಎಂಬ ಕಾಯಿಲೆಯೂ ಇದೇ ತರ್ಕಕ್ಕೆ ಸಿಗುತ್ತದೆ. ಪೊಳ್ಳು ಮೊದಲು ಹಾಳುಮಾಡುವುದು ನಡುವೆ ಅಡ್ಡ ದಾಟುವ ತಂತುಗಳನ್ನು. ಆದ್ದರಿಂದ ಎರಡೂ ತೋಳುಗಳಲ್ಲಿ ನೋವು ಮತ್ತು ಬಿಸಿಯ ಅರಿವು ಹೋಗಿ, ಸ್ಪರ್ಶ ಮಾತ್ರ ಉಳಿದಿರುತ್ತದೆ. ಕೈ ಸುಟ್ಟುಕೊಂಡದ್ದು ಕಣ್ಣಿಗೆ ಕಂಡ ಮೇಲಷ್ಟೇ ಅವರಿಗೆ ತಿಳಿಯುತ್ತದೆ.

ಮುಖದ ಸಂವೇದನೆಯನ್ನು ಬೆನ್ನುಹುರಿಯ ಬದಲು ಐದನೆಯ ಕಪಾಲ ನರವಾದ ಟ್ರೈಜೆಮಿನಲ್ ನೋಡಿಕೊಳ್ಳುತ್ತದೆ. ಅಲ್ಲೂ ಸ್ಪರ್ಶ ಮತ್ತು ನೋವಿಗೆ ಬೇರೆ ಬೇರೆ ನಿಲ್ದಾಣಗಳಿವೆ.

ಸಂಶಯವಾದಿ

ಎರಡು ದಾರಿಗಳ ವಿಷಯವನ್ನು ಒಪ್ಪಿದೆ. ಆದರೆ ನೋವಿನ ದಾರಿ ಇಷ್ಟು ಸ್ಪಷ್ಟವಾಗಿದ್ದರೆ, ವಾಸಿಯಾಗದ ನೋವಿರುವವರಲ್ಲಿ ಅದನ್ನೊಂದು ಕತ್ತರಿಸಿಬಿಟ್ಟರೆ ಕೆಲಸ ಮುಗಿಯಬೇಕಲ್ಲವೇ?

ಹಿಂಬದಿ ಬೆಂಚು

ಹಾಗೆಂದುಕೊಂಡೇ ಸ್ಪಿಲ್ಲರ್ ಮತ್ತು ಮಾರ್ಟಿನ್ ಎಂಬ ಅಮೆರಿಕದ ವೈದ್ಯರು 1912ರಲ್ಲಿ ಬೆನ್ನುಹುರಿಯ ಆ ಮುಂಭಾಗದ ದಾರಿಯನ್ನು ಕತ್ತರಿಸಿದ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ನೋವು ಇಳಿಯುತ್ತದೆ, ಸ್ಪರ್ಶ ಉಳಿಯುತ್ತದೆ. ಕ್ಯಾನ್ಸರ್‌ನ ಕೊನೆಯ ಹಂತದ ಆಯ್ದ ರೋಗಿಗಳಿಗೆ ಈಗಲೂ ಅಪರೂಪಕ್ಕೆ ಮಾಡುವುದುಂಟು. ಆದರೆ ಬದುಕುಳಿದವರಲ್ಲಿ ಅನೇಕರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನೋವು ಮರಳುತ್ತದೆ, ಕೆಲವೊಮ್ಮೆ ಹಳೆಯದಕ್ಕಿಂತ ಕೆಟ್ಟ ರೂಪದಲ್ಲಿ. ಮಿದುಳುಕಾಂಡದ ಜಾಲಗಳಿಗೆ ಹೋಗುವ ಬೇರೆ ಸಣ್ಣ ದಾರಿಗಳಿವೆ, ಒಳ ಅಂಗಗಳ ನೋವಿನ ಒಂದಂಶ ಹಿಂಭಾಗದ ಸ್ತಂಭದಲ್ಲೂ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಒಳಸಂಕೇತ ಕಳೆದುಕೊಂಡ ಮೇಲಿನ ನರಕೋಶಗಳು ತಾವೇ ಮಿಡಿಯಲಾರಂಭಿಸುತ್ತವೆ. ಕಾಲು ಕತ್ತರಿಸಿದ ಮೇಲೂ ಇಲ್ಲದ ಪಾದ ನೋಯುವುದಕ್ಕೆ ಇದೂ ಒಂದು ಕಾರಣ.

ಅರಿವಳಿಕೆ ತಜ್ಞೆ

ಕುತೂಹಲಿ ಅವರ ಉಜ್ಜುವ ಪ್ರಶ್ನೆ ಹಾಗೇ ಉಳಿದಿದೆ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಗೇಟ್ ಸಿದ್ಧಾಂತ ಅದಕ್ಕೆ ಉತ್ತರ. ಹಿಂಕೊಂಬಿನಲ್ಲಿ ನೋವಿನ ತಂತು ತನ್ನ ಮುಂದಿನ ಕೋಶವನ್ನು ಎಬ್ಬಿಸುವ ಜಾಗದಲ್ಲಿ, ಆ ಸಂಕೇತವನ್ನು ತಗ್ಗಿಸುವ ಸಣ್ಣ ತಡೆ ಕೋಶಗಳಿವೆ. ಸ್ಪರ್ಶದ ದಪ್ಪ ತಂತುಗಳು ಬಿಡುವ ಸ್ಥಳೀಯ ಕವಲುಗಳು ಈ ತಡೆ ಕೋಶಗಳನ್ನು ಚುರುಕುಗೊಳಿಸುತ್ತವೆ. ಪೆಟ್ಟಾದ ಜಾಗವನ್ನು ಉಜ್ಜಿದಾಗ ಎ-ಬೀಟಾ ತಂತುಗಳು ಮಿಡಿದು, ನಿಧಾನವಾಗಿ ಬರುತ್ತಿರುವ ಸಿ ತಂತುಗಳ ಸುದ್ದಿ ಮೇಲೇರುವ ಮೊದಲೇ ಅದನ್ನು ಭಾಗಶಃ ತಡೆಯುತ್ತವೆ. ಚರ್ಮದ ಮೇಲೆ ಅಂಟಿಸಿ ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಯಂತ್ರಗಳ ಹಿಂದಿರುವುದೂ ಇದೇ ಯೋಚನೆ. ಅವರು ಬರೆದ ರೇಖಾಚಿತ್ರದ ಕೆಲವು ವಿವರಗಳು ಮುಂದಿನ ಪ್ರಯೋಗಗಳಲ್ಲಿ ನಿಲ್ಲಲಿಲ್ಲ, ಆದರೆ ಬೆನ್ನುಹುರಿ ಸಂಕೇತವನ್ನು ಬಂದಂತೆಯೇ ಮೇಲಕ್ಕೆ ದಾಟಿಸುವುದಿಲ್ಲ, ಅಲ್ಲೇ ತೂಗಿ ನೋಡುತ್ತದೆ ಎಂಬ ಮೂಲ ಮಾತು ಗಟ್ಟಿಯಾಗಿ ಉಳಿದಿದೆ.

ತಡೆ ಮೇಲಿನಿಂದಲೂ ಬರುತ್ತದೆ. ಮಧ್ಯ ಮಿದುಳಿನ ಒಂದು ಭಾಗವನ್ನು ವಿದ್ಯುತ್ತಿನಿಂದ ಕೆರಳಿಸಿದ ಇಲಿಗೆ ಬೇರೆ ಅರಿವಳಿಕೆ ಇಲ್ಲದೆಯೇ ಶಸ್ತ್ರಕ್ರಿಯೆ ಮಾಡಬಹುದೆಂದು 1969ರಲ್ಲಿ ರೆನಾಲ್ಡ್ಸ್ ವರದಿ ಮಾಡಿದರು. ಆ ಭಾಗದಿಂದ ಹೊರಟ ಆದೇಶ ಮೆಡುಲ್ಲಾದ ಮೂಲಕ ಇಳಿದು ಹಿಂಕೊಂಬಿನ ಅದೇ ಜಾಗವನ್ನು ತಲುಪುತ್ತದೆ. 1975ರಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಝ್ ದೇಹವೇ ತಯಾರಿಸುವ ಅಫೀಮಿನಂಥ ವಸ್ತುಗಳಾದ ಎನ್‌ಕೆಫಲಿನ್‌ಗಳನ್ನು ಗುರುತಿಸಿದರು. ಮಾರ್ಫಿನ್ ಕೆಲಸ ಮಾಡುವುದು ಅವಕ್ಕೆಂದೇ ಇರುವ ಗ್ರಾಹಕಗಳ ಮೇಲೆ. ಉಪ್ಪುನೀರನ್ನೇ ನೋವಿನ ಮದ್ದೆಂದು ನಂಬಿ ಪಡೆದವರಿಗೆ ಸಿಗುವ ಉಪಶಮನವನ್ನು, ಈ ಗ್ರಾಹಕಗಳನ್ನು ಮುಚ್ಚುವ ನಲೋಕ್ಸೋನ್ ಕೊಟ್ಟು ತಗ್ಗಿಸಬಹುದೆಂದು 1978ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. ನಂಬಿಕೆಯಿಂದ ನೋವು ಇಳಿಯಿತು ಎಂದು ಯಾರಾದರೂ ಹೇಳಿದರೆ ನಗುವ ಸಹೋದ್ಯೋಗಿಗಳಿಗೆ ನಾನು ಈ ಅಧ್ಯಯನವನ್ನು ನೆನಪಿಸುವುದುಂಟು.

ಕುತೂಹಲಿ

ಹಾಗಾದರೆ ನೋವು ಕೊನೆಗೆ ಮಿದುಳಿನ ಯಾವ ಜಾಗದಲ್ಲಿ ನೋವಾಗುತ್ತದೆ?

ನರತಂತು

ಒಂದೇ ಜಾಗದಲ್ಲಿ ಅಲ್ಲ. ಸ್ಪರ್ಶಕ್ಕೆ ಸ್ಪಷ್ಟವಾದ ವಿಳಾಸವಿದೆ. ಮಿದುಳಿನ ಮಧ್ಯದ ಸೀಳಿನ ಹಿಂದಿರುವ ಮಡಿಕೆಯಲ್ಲಿ ದೇಹದ ನಕ್ಷೆಯೇ ಹರಡಿದೆ, ಅದನ್ನು ವೈಲ್ಡರ್ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ 1937ರಲ್ಲಿ ಪ್ರಕಟಿಸಿದರು. ಅದರಲ್ಲಿ ತುಟಿ ಮತ್ತು ಬೆರಳುಗಳಿಗೆ ಬೆನ್ನಿಗಿಂತ ಎಷ್ಟೋ ಹೆಚ್ಚು ಜಾಗವಿದೆ. ಬೆರಳ ತುದಿಯಲ್ಲಿ ಕೆಲವೇ ಮಿಲಿಮೀಟರ್ ಅಂತರದ ಎರಡು ಮೊನೆಗಳನ್ನು ಬೇರೆ ಬೇರೆಯೆಂದು ಗುರುತಿಸುವ ನಾವು, ಬೆನ್ನಿನ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಅಂತರವನ್ನೂ ಒಂದೇ ಎಂದುಕೊಳ್ಳುವುದು ಇದಕ್ಕೂ ಗ್ರಾಹಕಗಳ ದಟ್ಟಣೆಗೂ ಸಂಬಂಧಿಸಿದ್ದು. ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿನ ಹೊರಪದರವನ್ನು ಕೆರಳಿಸಿದಾಗ ಜುಮ್ಮೆನ್ನುವ ಅನುಭವ ಸಾಮಾನ್ಯವಾಗಿ ಬರುತ್ತಿತ್ತು, ನೋವು ಬಹಳ ಅಪರೂಪ.

ನೋವಿನ ಸಂಕೇತ ಥಲಾಮಸ್‌ನಿಂದ ಹಲವು ಕಡೆ ಹಂಚಿಹೋಗುತ್ತದೆ. ಎಲ್ಲಿ, ಎಷ್ಟು ಎಂಬುದನ್ನು ಸ್ಪರ್ಶ ವಲಯ ನೋಡಿಕೊಂಡರೆ, ಇನ್ಸುಲಾ ಮತ್ತು ಮುಂಭಾಗದ ಸಿಂಗ್ಯುಲೇಟ್ ಎಂಬ ಭಾಗಗಳು ಅದರ ಅಸಹನೀಯತೆಗೆ ಸಂಬಂಧಿಸಿವೆ. ಸಿಂಗ್ಯುಲೇಟ್‌ನ ಭಾಗವನ್ನು ನಾಶಗೊಳಿಸುವ ಶಸ್ತ್ರಕ್ರಿಯೆಯಾದ ಕೆಲವರು ನೋವು ಇದೆ, ಆದರೆ ಅದು ತಮ್ಮನ್ನು ಮೊದಲಿನಂತೆ ಕಾಡುತ್ತಿಲ್ಲ ಎಂದು ಹೇಳುತ್ತಾರೆ. ಇದರಿಂದ ನನಗೆ ಸರಿಯೆನಿಸುವ ತೀರ್ಮಾನವೆಂದರೆ, ತಂತುವಿನಲ್ಲಿ ಸಾಗುವುದು ಹಾನಿಯ ಸಂಕೇತ ಮಾತ್ರ; ನೋವು ಎನ್ನಬಹುದಾದದ್ದು ಆ ಸಂಕೇತವನ್ನು ಮಿದುಳು ಏನು ಮಾಡಿಕೊಂಡಿತು ಎಂಬುದರಲ್ಲಿದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಸಂವೇದನೆ ಮತ್ತು ಭಾವನೆ ಎರಡೂ ಕೂಡಿದ ಅನುಭವವೆಂದೇ ಹೇಳುತ್ತದೆ.

ಫಿಸಿಯೋ

ಎರಡು ದಾರಿಗಳು ಬೇರೆ ಬೇರೆ ಎಂಬ ಮಾತು ಆರೋಗ್ಯವಂತ ನರಗಳಿಗೆ ಸರಿ, ಆದರೆ ಬಹುಕಾಲದ ನೋವಿನವರ ಜೊತೆ ಕೆಲಸ ಮಾಡುವ ನಮಗೆ ಗೋಡೆ ಅಷ್ಟು ಭದ್ರವಾಗಿ ಕಾಣುವುದಿಲ್ಲ. ಬಿಸಿಲಿಗೆ ಸುಟ್ಟ ಚರ್ಮವನ್ನು ನೋಡಿ. ಉರಿಯೂತವಾದ ಜಾಗದಲ್ಲಿ ಬಿಡುಗಡೆಯಾಗುವ ಪ್ರೊಸ್ಟಾಗ್ಲಾಂಡಿನ್, ಬ್ರಾಡಿಕೈನಿನ್ ಮುಂತಾದ ರಾಸಾಯನಿಕಗಳು ಟಿಆರ್‌ಪಿವಿ-1 ತೆರೆದುಕೊಳ್ಳುವ ಮಟ್ಟವನ್ನೇ ಇಳಿಸುತ್ತವೆ, ಆದ್ದರಿಂದ ಉಗುರುಬೆಚ್ಚಗಿನ ನೀರೂ ಸುಡುತ್ತದೆ. ಆಸ್ಪಿರಿನ್ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದ್ದು ಈ ಹಂತಕ್ಕೆ ಸಂಬಂಧಿಸಿದ್ದು.

ಇದರ ಮುಂದಿನ ಹಂತ ಬೆನ್ನುಹುರಿಯೊಳಗೆ ನಡೆಯುತ್ತದೆ. ಸಿ ತಂತುಗಳು ಬಿಡದೆ ಮಿಡಿಯುತ್ತಿದ್ದರೆ ಹಿಂಕೊಂಬಿನ ಕೋಶಗಳು ಸಣ್ಣ ಸಂಕೇತಕ್ಕೂ ದೊಡ್ಡದಾಗಿ ಸ್ಪಂದಿಸಲು ಕಲಿಯುತ್ತವೆ. ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇದನ್ನು ಪ್ರಾಣಿಗಳಲ್ಲಿ ತೋರಿಸಿದರು. ಆಗ ಸ್ಪರ್ಶದ ಎ-ಬೀಟಾ ತಂತು ತಂದ ಸುದ್ದಿಯೂ ನೋವಿನ ಕೋಶವನ್ನೇ ಎಬ್ಬಿಸುತ್ತದೆ. ಬಟ್ಟೆ ತಾಗಿದರೂ ಹತ್ತಿ ಸವರಿದರೂ ನೋಯುತ್ತದೆ ಎನ್ನುವವರು ಅತಿಶಯೋಕ್ತಿ ಮಾಡುತ್ತಿಲ್ಲ. ಹುಟ್ಟಿನಿಂದ ಪಿಯೆಝೋ-2 ಇಲ್ಲದ ಅಪರೂಪದ ವ್ಯಕ್ತಿಗಳ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಬಲವಾದ ಸಾಕ್ಷಿ. ಕ್ಯಾಪ್ಸೈಸಿನ್ ಹಚ್ಚಿ ಚರ್ಮವನ್ನು ಕೆರಳಿಸಿದ ಬಳಿಕ ಸುತ್ತಲಿನ ಭಾಗವನ್ನು ಮೆಲ್ಲಗೆ ಸವರಿದರೆ ಸಾಮಾನ್ಯರಿಗೆ ನೋವಾಗುತ್ತದೆ, ಆದರೆ ಇವರಿಗೆ ಆಗಲಿಲ್ಲ. ಅಂದರೆ ಆ ನೋವನ್ನು ತಂದದ್ದು ಸ್ಪರ್ಶದ ದ್ವಾರವೇ.

ಒಳ ಅಂಗಗಳ ನೋವಿನಲ್ಲಿ ಇನ್ನೊಂದು ಬಗೆಯ ಬೆರಕೆಯಾಗುತ್ತದೆ. ಹೃದಯದ ತಂತುಗಳೂ ಎಡತೋಳಿನ ತಂತುಗಳೂ ಹಿಂಕೊಂಬಿನ ಅದೇ ಕೋಶಗಳ ಮೇಲೆ ಬಂದು ಸೇರುವುದರಿಂದ ಹೃದಯಾಘಾತದ ನೋವು ತೋಳಿನಲ್ಲಿ ಕಾಣಿಸಿಕೊಳ್ಳಬಹುದು.

ಸಂಶಯವಾದಿ

ಅಂದರೆ ನನ್ನ ಏಣಿ ಆರೋಗ್ಯದಲ್ಲಿ ಇಲ್ಲ, ಕಾಯಿಲೆಯಲ್ಲಿ ಅರ್ಧದಷ್ಟು ಇದೆ. ಅಷ್ಟಕ್ಕೆ ತೃಪ್ತನಾಗುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ನೋವಿನ ತಂತುವಿಗೆ ಪ್ರತ್ಯೇಕ ದ್ವಾರಗಳಿದ್ದರೆ, ಸ್ಪರ್ಶವನ್ನೂ ಎಚ್ಚರವನ್ನೂ ಬಿಟ್ಟು ಅದನ್ನಷ್ಟೇ ಮುಚ್ಚುವ ಮದ್ದು ಏಕೆ ಇಲ್ಲ?

ಅರಿವಳಿಕೆ ತಜ್ಞೆ

ಇತ್ತೀಚೆಗೆ ಒಂದು ಬಂದಿದೆ. 2006ರಲ್ಲಿ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವು ಅರಿಯದ ಮಕ್ಕಳನ್ನು ಪರೀಕ್ಷಿಸಿದಾಗ ಅವರಲ್ಲಿ ನ್ಯಾವ್ 1.7 ಎಂಬ ಸೋಡಿಯಂ ದ್ವಾರ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿತು. ಅವರಿಗೆ ಸ್ಪರ್ಶ, ಒತ್ತಡ, ಬಿಸಿ ಮತ್ತು ತಂಪಿನ ವ್ಯತ್ಯಾಸ ಎಲ್ಲವೂ ತಿಳಿಯುತ್ತಿತ್ತು. ತುಟಿ ನಾಲಿಗೆ ಕಚ್ಚಿಕೊಂಡದ್ದು, ಮೂಳೆ ಮುರಿದದ್ದು ಮಾತ್ರ ತಿಳಿಯುತ್ತಿರಲಿಲ್ಲ. ಆ ದ್ವಾರವನ್ನು ಗುರಿಯಾಗಿಟ್ಟುಕೊಂಡು ಮಾಡಿದ ಮದ್ದುಗಳು ಪ್ರಯೋಗಗಳಲ್ಲಿ ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ. ಅದರ ಸೋದರ ದ್ವಾರವಾದ ನ್ಯಾವ್ 1.8 ಮುಖ್ಯವಾಗಿ ದೇಹದ ಹೊರಭಾಗದ ನೋವಿನ ನರಕೋಶಗಳಲ್ಲಿ ಇರುತ್ತದೆ. ಅದನ್ನು ಮುಚ್ಚುವ ಸುಝೆಟ್ರಿಜೀನ್ ಎಂಬ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು, ವಯಸ್ಕರ ಅಲ್ಪಕಾಲದ ಮಧ್ಯಮದಿಂದ ತೀವ್ರ ನೋವಿಗೆ ಮಾತ್ರ. ಅದು ಮಿದುಳಿನಲ್ಲಿ ಅಫೀಮಿನ ಗ್ರಾಹಕಗಳನ್ನು ಮುಟ್ಟುವುದಿಲ್ಲ, ಹಾಗಾಗಿ ಆ ವರ್ಗದ ಮದ್ದುಗಳ ವ್ಯಸನದ ಭಯ ಇದಕ್ಕೆ ಇರಲಾರದೆಂಬ ನಿರೀಕ್ಷೆಯಿದೆ. ಆದರೆ ಫಿಸಿಯೋ ಅವರು ವಿವರಿಸಿದಂತೆ ಬೆನ್ನುಹುರಿಯೇ ಕೆರಳಿ ಕುಳಿತಿರುವವರಲ್ಲಿ, ಅಥವಾ ಇಲ್ಲದ ಪಾದ ನೋಯುತ್ತಿರುವವರಲ್ಲಿ, ಸಂಕೇತದ ದೊಡ್ಡ ಪಾಲು ಈ ದ್ವಾರಕ್ಕಿಂತ ಮೇಲೆಯೇ ಹುಟ್ಟುತ್ತಿರುತ್ತದೆ. ಅಂಥವರಿಗೆ ನಾವು ಈಗಲೂ ಬರೆದುಕೊಡುವುದು ಗಬಾಪೆಂಟಿನ್, ಅಮಿಟ್ರಿಪ್ಟಿಲೀನ್‌ನಂಥ, ಮೊದಲು ಬೇರೆ ಕಾಯಿಲೆಗಳಿಗೆಂದು ತಯಾರಾದ ಮದ್ದುಗಳನ್ನೇ.